ಬರಿಗಾಲಿನ ಫರಶಿ ಮಾಮಾ

ಮೊದಲ ಸಲ ನಮ್ಮ ಮನೆಗೆ ಬಂದ ದಿನ ಅವರು ಚಪ್ಪಲಿ ಬಿಟ್ಟದ್ದು ಗೇಟಿನ ಹೊರಗೆ. "ಮಾಮಾ, ಬಾಗಲದಾಗ ಬಿಡ್ರಿ, ಅಲ್ಲಿ ಬಿಟ್ರ ನಾಯಿ ಕಚಗೊಂಡು ಹೋಗತಾವು" ಅಂತ ಒಳಗಿನಿಂದಲೇ ಕೂಗಿದೆ. ತಿರುಗಿಯೂ ನೋಡಲಿಲ್ಲ. ಬರಿಗಾಲಲ್ಲಿ ಅಂಗಳ ದಾಟಿ ಬಂದು, ಹೊಸ್ತಿಲಲ್ಲಿ ನಿಂತು, ಬಲಗಾಲಿನ ಹಿಮ್ಮಡಿಯನ್ನು ನಮ್ಮ ಹಾಲಿನ ಮೊದಲನೇ ಟೈಲ್ಸಿನ ಮೇಲೆ ಒತ್ತಿ ಹಿಡಿದು, "ಎಲ್ಲಾರೂ ಕಾಟಿನ ಮ್ಯಾಲ ಕುಂದರ್ರಿ. ಕಾಲ ಮ್ಯಾಲ ತಗೋರಿ. ನಾ ಹೇಳೂತನಕ ಯಾರೂ ನೆಲಕ್ಕ ಕಾಲ ಹಚ್ಚಬ್ಯಾಡ್ರಿ" ಅಂದರು. ಎಂಥಾ ಸೊಕ್ಕಿನ ಮನುಷ್ಯಾನವ್ವಾ ಇಂವಾ ಅಂದುಕೊಂಡೆ. ನಮ್ಮ ಮನೆಯವರು ಮಾತ್ರ ಪೇಪರ್ ಹಿಡಿದುಕೊಂಡೇ ಎರಡೂ ಕಾಲು ಎತ್ತಿಬಿಟ್ಟರು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಹೇಳಿದ ಒಂದು ಮಾತಿಗೂ ಅವರು ಅಷ್ಟು ಲಗೂನ ಕಾಲೆತ್ತಿದ್ದು ನನಗೆ ನೆನಪಿಲ್ಲ.

ಬೆಳಗಾವಿಯ ನೆಹರು ನಗರದ ನಮ್ಮ ಓಣಿಯಲ್ಲಿ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಫರಶಿ ಮಾಮಾ, ಅಷ್ಟೇ. ನಮ್ಮ ಕಡೆ ನೆಲಕ್ಕೆ ಹಾಸಿದ್ದೆಲ್ಲ ಫರಶಿಯೇ, ಕಲ್ಲಿರಲಿ, ಹೊಳೆಯುವ ಟೈಲ್ಸ್ ಇರಲಿ. ಮಾಮಾ ಖಾನಾಪುರದಿಂದ ಮುಂಜಾನೆ ರೈಲುಗಾಡಿಗೆ ಬರುವರು. ಹೆಗಲಿಗೆ ಒಂದು ಖಾಕಿ ಚೀಲ. ಅದರಲ್ಲಿ ಸಿಮೆಂಟ್ ಬಳಿಯುವ ಒಂದು ಕರಣಿ, ನಾಲ್ಕಾರು ಹಳೇ ಹಲ್ಲುಜ್ಜುವ ಬ್ರಷ್ಷು, ಮೊಂಡು ಚಾಕು, ಸೀಮೆಸುಣ್ಣದ ತುಂಡು, ತೊಳೆದು ಮಡಿಚಿದ ಹತ್ತಿ ಬಟ್ಟೆ. ಇಷ್ಟರಲ್ಲೇ ಅವರು ಫರಶಿ ಕೂಡಿಸುವರು, ಕಿತ್ತದ್ದನ್ನು ಮತ್ತೆ ಹಚ್ಚುವರು, ಕರ್ರಗಾದ ಸಂದಿಗಳನ್ನು ಬೆಳ್ಳಗೆ ಮಾಡುವರು.

ಅವರನ್ನು ಕರೆಸುವ ಪ್ರಸಂಗ ತಂದುಕೊಂಡವಳು ನಾನೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಎಲ್ಲರಿಂದ ಬಾಯಾರು ಅನಿಸಿಕೊಂಡು ಅರ್ಧ ಆಯುಷ್ಯ ಕಳೆದವಳು ನಾನು. ಆಮ್ಲ ಸುಣ್ಣದ ಕಲ್ಲಿಗೆ ತಾಗಿದರೆ ಬುರುಬುರು ನೊರೆ ಎದ್ದು ಅದು ಕರಗುತ್ತದೆ ಅಂತ ಎಷ್ಟು ಮಕ್ಕಳಿಗೆ ತೋರಿಸಿದ್ದೇನೋ! ಅಂಥವಳು ದೀಪಾವಳಿ ಹತ್ತಿರ ಬಂತು, ಅಡುಗೆಮನೆಯ ಸಂದಿ ಹೊಲಸಾಗಿವೆ ಅಂತ, ಆಸಿಡ್ ಬಾಟಲಿ ತಂದು ಅದೇ ಸುಣ್ಣದಂಶದ ಸಿಮೆಂಟ್ ತುಂಬಿದ ಆ ಸಂದಿಗಳಿಗೇ ಸುರಿದೆ. ನೊರೆ ಎದ್ದಿತು, ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಸಂದಿ ಬೆಳ್ಳಗಾದವು ಖರೇ. ಆದರೆ ಎಂಟೇ ದಿನಕ್ಕೆ ಒಳಗಿನ ಸಿಮೆಂಟು ಪುಡಿಪುಡಿಯಾಗಿ ಕಸಬರಿಗೆಗೆ ಬಂತು. ಟೈಲ್ಸಿನ ಹೊಳಪೂ ಹೋಯಿತು. ಸಂದಿಯಿಂದ ನೀರಿಳಿದು, ಒಲೆಯ ಮುಂದಿನ ಮೂರು ಟೈಲ್ಸ್ ಕಾಲಿಟ್ಟರೆ ಕಟಕಟ ಅನ್ನಲು ಶುರುಮಾಡಿದವು. ಆಗ ಖಾನಾಪುರದ ನಮ್ಮ ಸಹೋದ್ಯೋಗಿಯೊಬ್ಬರು ಈ ಮಾಮಾನನ್ನು ಕಳಿಸಿಕೊಟ್ಟರು.

ಅಡುಗೆಮನೆಗೆ ಕಾಲಿಟ್ಟವರೇ ಕುಕ್ಕರಗಾಲಲ್ಲಿ ಕುಂತು ಸಂದಿಯೊಳಗೆ ಉಗುರು ಆಡಿಸಿ ನನ್ನ ಮಾರಿ ನೋಡಿದರು.

"ಆಸಿಡ್ ಹಾಕೀರೇನ್ರಿ ಬಾಯಾರ?"

"ಒಂದೀಟು."

"ಒಂದೀಟು ಅಂದ್ರ?"

"ಅರ್ಧಾ ಬಾಟ್ಲಿ."

"ಸಾಲ್ಯಾಗ ಏನ ಕಲಸ್ತೀರಿ?"

ವಿಜ್ಞಾನ ಅನ್ನಲು ಬಾಯಿ ಬರಲಿಲ್ಲ. "ಕನ್ನಡ" ಅಂದುಬಿಟ್ಟೆ. ಹಾಲಿನಲ್ಲಿ ಪೇಪರಿನ ಹಿಂದೆ ನಮ್ಮ ಮನೆಯವರು ಕಿಸಕ್ಕನೆ ನಕ್ಕದ್ದು ನನಗೆ ಕೇಳಿಸಿತು.

ಆಮೇಲೆ ನಡೆದದ್ದನ್ನು ನೋಡಲು ನಾನು ಬಾಗಿಲಲ್ಲೇ ಒಂದು ಸ್ಟೂಲ್ ಹಾಕಿಕೊಂಡು, ಕಾಲು ಮೇಲಿಟ್ಟುಕೊಂಡು ಕುಂತೆ. ಮಾಮಾ ಕರಣಿಯನ್ನು ತಿರುವಿ ಹಿಡಿದು, ಅದರ ಕಟ್ಟಿಗೆಯ ಹಿಡಿಕೆಯಿಂದ ಒಂದೊಂದೇ ಟೈಲ್ಸಿಗೆ ಬಡಿಯುತ್ತಾ ಹೋದರು. ಎಡಗೈ ಬಾಜೂಕಿನ ಟೈಲ್ಸಿನ ಮೇಲೆ ಊರಿತ್ತು. ತಲೆಯನ್ನು ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ, "ಗಟ್ಟಿ... ಗಟ್ಟಿ... ಇದು ಪೊಳ್ಳು" ಅನ್ನುವರು. ಪೊಳ್ಳು ಅಂದರೆ ಕೆಳಗಿನ ಸಿಮೆಂಟು ಬಿಟ್ಟುಕೊಟ್ಟು ಖಾಲಿಯಾಗಿದೆ ಅಂತ. ಅದರ ಸುತ್ತ ಸೀಮೆಸುಣ್ಣದಿಂದ ಒಂದು ಗೆರೆ. ಹೊರಗಿನಿಂದ ನೋಡಿದರೆ ಗಟ್ಟಿಯದ್ದೂ ಪೊಳ್ಳೂ ಒಂದೇ ಥರ. ಅವರು ಗೆರೆ ಎಳೆದದ್ದನ್ನು ಎಬ್ಬಿಸಿದರೆ ಒಂದಾದರೂ ತಪ್ಪಬೇಕಲ್ಲ, ತಪ್ಪುತ್ತಿರಲಿಲ್ಲ. ಖಾನಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಹುಡುಗತನದಿಂದ ಅವರ ಕೆಲಸ ಇದೇ ಆಗಿತ್ತಂತೆ. ಸುಟ್ಟು ಬಂದ ಹೆಂಚನ್ನು ಬಡಿದು, ಟಣ್ ಅಂದರೆ ಈ ಕಡೆ, ಬದ್ದ್ ಅಂದರೆ ಆ ಕಡೆ. ಕಾರ್ಖಾನೆ ನಿಂತ ಮೇಲೆ ಫರಶಿಗೆ ಬಂದರು. ನಮ್ಮ ಮನೆಯಿಂದ ಸುದ್ದಿ ಹಬ್ಬಿ, ಮಾಮಾನ ಕಿವಿ ಅಂದರೆ ಓಣಿಗೆಲ್ಲ ಹೆಸರುವಾಸಿಯಾಯಿತು.

ಮೂರು ಟೈಲ್ಸ್ ಬದಲಿಸಿ, ಎಲ್ಲ ಸಂದಿಗಳನ್ನೂ ಕೆರೆದು ಹೊಸದಾಗಿ ತುಂಬಿ, ಎರಡು ದಿನ ನನ್ನನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದರು. ಹೋಗುವಾಗ, ಕಿತ್ತ ಟೈಲ್ಸಿನಲ್ಲಿ ಇಡಿಯಾಗಿ ಬಂದಿದ್ದ ಒಂದನ್ನು ಎತ್ತಿಕೊಂಡು, "ಇದನ್ನ ಒಯ್ಲೇನ್ರಿ?" ಅಂದರು. ಆಸಿಡ್ ತಿಂದು ಮಾಸಿದ ಟೈಲ್ಸ್, ಅದನ್ನೇನು ಮಾಡ್ತಾರೋ ಅಂತ ನನಗೆ ಆಶ್ಚರ್ಯ. ಒಯ್ಯಿರಿ ಅಂದೆ.

ನೆಲವನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ನನಗೆ ಪಾಠ ಮಾಡಿದವರು ಅವರೇ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹಬ್ಬ ಬಂತು ಅಂದರೆ ಕೊಡಗಟ್ಟಲೆ ನೀರು ಸುರಿದು ಕಸಬರಿಗೆಯಿಂದ ಬಾಗಿಲತನಕ ಹೊಡೆಯದಿದ್ದರೆ ಸಮಾಧಾನವಿಲ್ಲ. ಅದನ್ನು ಕಂಡರೆ ಮಾಮಾನಿಗೆ ಮೈಯೆಲ್ಲ ಉರಿಯುವುದು. "ನೆಲಕ್ಕ ಜಳಕಾ ಯಾಕ ಮಾಡಸ್ತೀರಿ? ಮಾರಿ ಒರಸ್ರಿ ಸಾಕು." ಸಂದಿಗೆ ಅಡುಗೆ ಸೋಡಾ, ಅದಕ್ಕೆ ನಾಲ್ಕು ಹನಿ ನೀರು, ಹಲ್ಲಿನ ಪೇಸ್ಟಿನಷ್ಟು ಗಟ್ಟಿ. ಹಚ್ಚಿ, ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು, ಬ್ರಷ್ಷಿನಿಂದ ತಿಕ್ಕಿ, ಹಸಿ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆ. ನಾನೊಮ್ಮೆ ಜಾಣತನ ಮಾಡಿ, ಲಿಂಬಿಹಣ್ಣು ಹಿಂಡಿದರ ನಡೀತದೇನು ಮಾಮಾ ಅಂತ ಕೇಳಿದೆ. "ಅದೂ ಹುಳೀನ ಅಲ್ಲೇನ್ರಿ? ಲಿಂಬಿಹಣ್ಣು ಸಾರಿಗೆ ಹಾಕ್ರಿ" ಅಂದರು. ಎಲ್ಲ ಮುಗಿದ ಮೇಲೆ ಇನ್ನೂ ತಂಪಾಗಿರುವ ನೆಲದ ಮೇಲೆ ಬರಿಗಾಲಲ್ಲಿ ತಾವೇ ಒಂದು ಸುತ್ತು ಹಾಕುವರು. ಕಾಲು ಜಾರಿದರೆ ಸೋಡಾದ ಅಂಶ ಉಳಿದಿದೆ ಅಂತ ಮತ್ತೆ ಒರೆಸುವರು. ಹೊಳಪಿನ ಬಗ್ಗೆ ಯಾರಾದರೂ ಕೇಳಿದರೆ ಅವರ ಮಾರಿ ಸಣ್ಣದಾಗುವುದು; ಹೊಳಪಿಗೆ ತಿಕ್ಕಿದಷ್ಟೂ ಫರಶಿ ಸವೆಯುತ್ತದೆ ಅನ್ನುವರು.

ನನಗೊಂದು ಚಾಳಿ ಇದೆ. ಯಾವುದಾದರೂ ಯಾಕೆ ಹೀಗೆ ಅಂತ ತಲೆಗೆ ಬಂದರೆ ಅದನ್ನು ಬಿಡಲು ಆಗುವುದಿಲ್ಲ. ಮರುವರ್ಷ ಬಚ್ಚಲ ಕೆಲಸಕ್ಕೆ ಮಾಮಾ ಬಂದಾಗ ಹೀಗೇ ಆಯಿತು. ಅವರ ಬೆನ್ನ ಹಿಂದೆ ಕುಕ್ಕರ್ ಮೂರು ಸಲ ಕೂಗಿತು, ಅವರು ಮಿಸುಕಲಿಲ್ಲ. ಕರೆಗಂಟೆ ಹೊಡೆಯಿತು, ತಲೆ ಎತ್ತಲಿಲ್ಲ. ಅಯ್ಯ, ಇದೇನಿದು! ಮೊದಲ ದಿನ ಚಪ್ಪಲಿಯ ಬಗ್ಗೆ ಕೂಗಿದ್ದು ನೆನಪಾಯಿತು. ಅವರ ಮನೆಗೆ ಫೋನ್ ಮಾಡಿದಾಗ ಎಂದೂ ಅವರು ಎತ್ತದಿದ್ದದ್ದೂ ನೆನಪಾಯಿತು. ಪರೀಕ್ಷೆ ಮಾಡೇಬಿಡೋಣ ಅಂತ ದೇವರ ಕೋಣೆಯ ಗಂಟೆ ತಂದು ಅವರ ಹಿಂದೆ ಬಾರಿಸಿದೆ. ಊಂ ಹೂಂ. ಸರಿ, ಕಿವಿ ಪೂರಾ ಹೋಗಿದೆ ಅಂತ ತೀರ್ಮಾನಿಸಿ ಅಡುಗೆಮನೆಗೆ ನಡೆದೆ. ಅಲ್ಲಿ ನನ್ನ ಕೈಯಿಂದ ಒಂದು ತಾಟು ಜಾರಿ ನೆಲಕ್ಕೆ ಬಿತ್ತು. "ತಾಟು ಬಿತ್ತೇನ್ರಿ ಬಾಯಾರ?" ಅಂತ ಬಚ್ಚಲಿನಿಂದ ಮಾಮಾನ ದನಿ!

ನಾನು ಅಲ್ಲೇ ನಿಂತುಬಿಟ್ಟೆ. ಗಾಳಿಯಲ್ಲಿ ಬಂದದ್ದು ಗೊತ್ತಾಗುವುದಿಲ್ಲ, ನೆಲದಲ್ಲಿ ಬಂದದ್ದು ಗೊತ್ತಾಗುತ್ತದೆ. ಆ ಊರಿದ ಎಡಗೈ! ಆ ಹಿಮ್ಮಡಿ! ನಮ್ಮನ್ನೆಲ್ಲ ಕಾಟಿನ ಮೇಲೆ ಹತ್ತಿಸಿ ಕುಂದರಿಸುತ್ತಿದ್ದದ್ದು ಸೊಕ್ಕಿನಿಂದಲ್ಲ. ನಾವು ಅಡ್ಡಾಡಿದರೆ ಅದೂ ಅವರ ಅಂಗೈಗೆ ಬರುತ್ತಿತ್ತು.

ಓಡಿಹೋಗಿ ಅವರ ಎದುರಿಗೆ ಕುಂತು, "ಮಾಮಾ, ನಿಮಗ ಕಿವಿ ಕೇಳಸೂದಿಲ್ಲ. ನೀವು ಕೈಲೇ ಕೇಳತೀರಿ. ಹೌದಲ್ಲರಿ?" ಅಂದೆ. ಖುಷಿಯಲ್ಲಿ ಚಪ್ಪಾಳೆಯನ್ನೂ ಹೊಡೆದೆ. ಅವರ ಮುಖದ ರಕ್ತ ಇಳಿದುಹೋದದ್ದು ನನಗೆ ತಡವಾಗಿ ಕಂಡಿತು.

"ಫರಶಿ ಕೊಯ್ಯೋ ಮಶೀನ್ ಇಪ್ಪತ್ತು ವರ್ಷ ಕಿವೀ ಬಾಜೂಕ ಕಿರಚೇತ್ರಿ" ಅಂದರು. "ತಲಿ ವಾಲಸೂದು ಬರೇ ತೋರಸಾಕ. ಮಾತು ತುಟಿ ನೋಡಿ ತಿಳಕೋತೀನಿ. ಬಾಯಾರ, ಯಾರಿಗೂ ಹೇಳಬ್ಯಾಡ್ರಿ. ಕಿವುಡ ಬಂದು ಫರಶಿ ಬಡದ ನೋಡ್ತಾನ ಅಂದ್ರ ಯಾರ ಕರೀತಾರ? ಕ್ಯಾಂಪಿನ ಬಂಗಲೇದ ಕೆಲಸ ಒಂದು ಆಗಲಿ. ಅದೊಂದು ನನ್ನ ಕೈಲೆ ಆಗಬೇಕ್ರಿ."

ಆ ಬಂಗಲೆಯ ವಿಷಯ ಅವರು ಹೋದಲ್ಲೆಲ್ಲ ಹೇಳುತ್ತಿದ್ದರು. ಕ್ಯಾಂಪಿನಲ್ಲಿ, ಅಂದರೆ ಬೆಳಗಾವಿಯ ದಂಡು ಪ್ರದೇಶದಲ್ಲಿ, ಒಂದು ಹಳೆಯ ಮನೆ, ಎಂಟು ಕೋಣೆಗೂ ಹೂವಿನ ನಕ್ಷೆಯ ಸಿಮೆಂಟ್ ಫರಶಿ. ಕೆಂಪು, ಹಸಿರು, ಕಪ್ಪು. ಅದು ನಮ್ಮ ಬಾಜೂಮನೆಯ ಕಾಕೂನ ತಂಗಿಯ ಮನೆ. ಈ ಜೈನ ಮನೆತನದವರು ತಲೆತಲಾಂತರದಿಂದ ಬೆಳಗಾವಿಯವರು, ಕಾಕೂನ ಮಾತಿಗೆ ಅವರಲ್ಲಿ ಭಾರೀ ಬೆಲೆ. ಕಾಕೂ ಹೇಳಿದ್ದಕ್ಕೇ ಆ ಕೆಲಸ ಮಾಮಾನಿಗೆ ಅಂತ ನಿಕ್ಕಿಯಾಗಿತ್ತು. "ಅಂಥಾ ಫರಶಿ ಈಗ ಯಾರೂ ಮಾಡೂದಿಲ್ಲರಿ. ಒಂದೊಂದ ಸಂದೀನೂ ಕೈಲೆ ತಿಕ್ಕತೀನಿ" ಅನ್ನುತ್ತಿದ್ದರು. ನಾನು ಅವರ ಕೈ ಹಿಡಿದು ಆಣೆ ಮಾಡಿದೆ. ಸತ್ತರೂ ಹೇಳುವುದಿಲ್ಲ ಅಂದೆ.

ಸಾಯಲಿಲ್ಲ, ನಾಲ್ಕು ದಿನಕ್ಕೇ ಹೇಳಿದೆ. ಬೈಯಲಿಕ್ಕೆ ಹೇಳಿದ್ದಲ್ಲ, ಹೊಗಳಲಿಕ್ಕೆ ಹೇಳಿದ್ದು. ಕಂಪೌಂಡಿನ ಗೋಡೆಯ ಆಚೆ ಕಾಕೂ ಸಂಡಿಗೆ ಒಣಹಾಕುತ್ತಿದ್ದರು. "ಕಾಕೂ, ನಿಮಗೊಂದ ಚಮತ್ಕಾರ ಹೇಳ್ತೀನಿ, ಯಾರಿಗೂ ಹೇಳಬಾರದು ಮತ್ತ" ಅಂತ ಶುರುಮಾಡಿದೆ. ಕಂಪನ ಅಂದರೇನು, ಅದು ಘನವಸ್ತುವಿನಲ್ಲಿ ಹೇಗೆ ಹರಿಯುತ್ತದೆ ಅಂತೆಲ್ಲ ಪಾಠ ಮಾಡಿದೆ. ಕಾಕೂನ ತಲೆಗೆ ಹೋದದ್ದು ಒಂದೇ ಮಾತು. "ಅಯ್ಯ, ಮಾಮಾ ಕಿವುಡ ಇದ್ದಾನ?"

ಕಾಕೂ ತಂಗಿಗೆ ಹೇಳಿದರು. ತಂಗಿ, ಇಷ್ಟು ದಿನ ತಲೆ ವಾಲಿಸಿ ನಾಟಕ ಮಾಡಿದ್ದಾನೆ ಅಂತ ಸಿಟ್ಟಾಗಿ, ಮಶೀನಿನಿಂದ ಪಾಲಿಶ್ ಮಾಡುವವರನ್ನು ಕರೆಸಿದರು. ಸಿಮೆಂಟ್ ಫರಶಿಯ ಬಣ್ಣ ಮೇಲಿನ ಒಂದು ತೆಳು ಪದರಿನಲ್ಲಷ್ಟೇ ಇರುತ್ತದೆ ಅಂತ ಮಾಮಾನಿಗೆ ಗೊತ್ತಿತ್ತು. ಆ ಮಶೀನಿನವರಿಗೆ ಗೊತ್ತಿರಲಿಲ್ಲ. ಅವರು ನೆಲವನ್ನು ಕನ್ನಡಿ ಮಾಡಿದರು. ಮೂರು ಕೋಣೆಯ ಹೂವು ಹೋಗಿಬಿಟ್ಟವು, ಬೂದಿ ಬಣ್ಣದ ಸಿಮೆಂಟು ಉಳಿಯಿತು. ಮಾಮಾ ಒಂದು ದಿನ ಅಲ್ಲಿಗೆ ಹೋಗಿ, ಹೊಸ್ತಿಲಲ್ಲಿ ನಿಂತು ನೋಡಿ, ಒಳಗೆ ಕಾಲಿಡದೆ ತಿರುಗಿ ಹೋದರಂತೆ. ಇದನ್ನು ಹೇಳಿದವರು ಕಾಕೂ.

ಆ ರವಿವಾರ ಖಾನಾಪುರಕ್ಕೆ ಹೋದೆ. ವಿಳಾಸ ಹುಡುಕಲು ಕಷ್ಟವಾಗಲಿಲ್ಲ, ಸ್ಟೇಶನ್ನಿನಲ್ಲಿ ಫರಶಿ ಮಾಮಾ ಅಂದರೆ ಸಾಕಾಯಿತು. ಅವರ ಹೆಂಡತಿ "ಯಾ, ಬಸಾ" ಅಂತ ಮರಾಠಿಯಲ್ಲಿ ಕರೆದು ಚಾಪೆ ಹಾಸಿದರು. ನನಗೆ ಕುಂದರಲು ಮನಸ್ಸಾಗಲಿಲ್ಲ, ನೆಲ ನೋಡುತ್ತಾ ನಿಂತೆ. ಒಂದು ಫರಶಿಯಂತೆ ಇನ್ನೊಂದಿಲ್ಲ! ಕೆಂಪು, ನೀಲಿ, ಗುಲಾಬಿ ಚುಕ್ಕೆಯದು, ಯಾರದೋ ಬಚ್ಚಲಿನ ಹಸಿರು. ಕೆಲಸ ಮಾಡಿದ ಮನೆಮನೆಯಿಂದ ಒಂದೊಂದು ತಂದು ಕೂಡಿಸಿದ್ದರು. ಆದರೆ ಸಂದಿಗಳು ಮಾತ್ರ ಎಳೆದ ದಾರದಷ್ಟು ನೆಟ್ಟಗೆ. ಮೂಲೆಯಲ್ಲಿ ಹೊಸದಾಗಿ ಬಂದ ಸೊಸೆ ಕಣ್ಣು ಮುಚ್ಚಿ ನೆಲಕ್ಕೆ ಅಂಗೈ ಊರಿ ಕುಂತಿದ್ದಳು. ಓಲೆ ಬಿದ್ದಿರಬೇಕು, ಹುಡುಕುತ್ತಿದ್ದಾಳೆ ಅಂದುಕೊಂಡೆ.

ಮಾಮಾ ಹಿತ್ತಲಿನಿಂದ ಬಂದರು. ನಾನು ಬಾಯಿ ಬಿಡುವ ಮೊದಲೇ ಅಳು ಬಂತು. "ತಪ್ಪಾತ್ರಿ ಮಾಮಾ" ಅಂದೆ. ಅವರು ನನ್ನ ತುಟಿ ನೋಡಿದರು.

"ನೀವು ಹೇಳಿದ್ದು ಸುಳ್ಳಲ್ಲರಿ ಬಾಯಾರ. ಆದರ ಅದು ನನ್ನ ಮಾತು. ಹೇಳೂದಿದ್ರ ನಾ ಹೇಳಬೇಕಿತ್ತು."

"ಈಗ ನಾ ಏನರ ಮಾಡಲೇನ್ರಿ?"

"ಏನೂ ಮಾಡಬ್ಯಾಡ್ರಿ. ಮಾಡಿದ್ದ ಸಾಕು. ಚಹಾ ಕುಡೀರಿ."

ಚಹಾ ಕುಡಿದೆ. ಕಪ್ಪು ತೊಳೆದಿಟ್ಟು ಸ್ಟೇಶನ್ನಿನ ದಾರಿ ಹಿಡಿದೆ.

ಅದೇ ಬೇಸಿಗೆಯಲ್ಲಿ ಕಾಕೂನ ಅಡುಗೆಮನೆಯ ನಾಲ್ಕು ಟೈಲ್ಸ್ ಢಬ್ ಅಂತ ಸದ್ದು ಮಾಡಿ ಎದ್ದು ಕುಂತವು, ಎರಡು ಒಂದಕ್ಕೊಂದು ಆನಿಕೊಂಡು ಗುಡಾರದ ಹಾಗೆ. ಅದೇ ಮಶೀನಿನವರು ಬಂದು, ಎದ್ದದ್ದಷ್ಟನ್ನೇ ಮತ್ತೆ ಹಚ್ಚಿ ಹೋದರು. ವಾರಕ್ಕೆ ಅದರ ಪಕ್ಕದವು ಎದ್ದವು. ಕಾಕೂ ಗೋಡೆಯ ಮೇಲಿಂದ, "ಆ ನಿಮ್ಮ ಮಾಮಾಗ ಫೋನ್ ಮಾಡ್ರಲ್ಲಾ" ಅಂದರು. ಸೊಸೆ ಫೋನ್ ಎತ್ತಿದಳು, ವಿಷಯ ಹೇಳಿದೆ. ಬರುತ್ತಾರೋ ಇಲ್ಲವೋ ಅಂತ ಅಂಗೈಯಲ್ಲಿ ಜೀವ ಹಿಡಿದುಕೊಂಡು ಕಾದೆ. ಮರುದಿನ ಮುಂಜಾನೆ ಗಾಡಿಗೆ ಬಂದರು.

ಕಾಕೂನ ಮನೆಯಲ್ಲಿ ಓಣಿಯ ಆರೇಳು ಹೆಂಗಸರು ಸೇರಿದ್ದರು. ನೋಡಲು ಬಂದವರೇ ಎಲ್ಲರೂ. ಮಾಮಾ ಹೊಸ್ತಿಲಲ್ಲಿ ನಿಂತು, ಈ ಸಲ ತಲೆ ವಾಲಿಸದೆ, ನೆಟ್ಟಗೆ ಎಲ್ಲರ ಮಾರಿ ನೋಡಿದರು. "ನನಗ ಕಿವಿ ಕೇಳಸೂದಿಲ್ಲರಿ. ಆರು ವರ್ಷ ಆತು. ನಾ ಅಂಗೈಲೆ ನೋಡ್ತೀನಿ. ಬ್ಯಾಡಾಗಿದ್ರ ಈಗ ಹೇಳ್ರಿ, ಹನ್ನೆರಡರ ಗಾಡಿ ಸಿಗತೈತಿ." ಕಾಕೂ ಎಲ್ಲರಿಗಿಂತ ಮೊದಲು ಸೀರೆ ಎತ್ತಿ ಹಿಡಿದು ಕಾಟಿನ ಮೇಲೆ ಹತ್ತಿ ಕುಂತು, "ನಡೀರಿ ಮಾಮಾ, ಸುರು ಮಾಡ್ರಿ" ಅಂದರು. ಉಳಿದವರೂ ಹತ್ತಿದರು, ಕಾಟು ಕಿರ್ರ್ ಅಂದಿತು. ಮಾಮಾ ಅಂಗೈ ಊರಿ ಬಡಿಯುತ್ತಾ ಹನ್ನೊಂದು ಟೈಲ್ಸಿಗೆ ಗೆರೆ ಎಳೆದರು. ಎಬ್ಬಿಸಿದರೆ ಹನ್ನೊಂದೂ ಪೊಳ್ಳು.

ಅಂದಿನಿಂದ ಓಣಿಯ ಕೆಲಸ ಮತ್ತೆ ಅವರದೇ ಆಯಿತು. ಈಗ ಕಿವುಡ ಮಾಮಾ ಅಂತಲೇ ಕರೆಯುತ್ತಿದ್ದರು, ಅವರಿಗೂ ಅದರಿಂದ ಬೇಜಾರಿದ್ದಂತೆ ಕಾಣಲಿಲ್ಲ. ಆದರೆ ನಮ್ಮ ಮನೆಗೆ ಮಾತ್ರ ಅವರು ಮತ್ತೆ ಬರಲಿಲ್ಲ. ಫೋನ್ ಮಾಡಿದರೆ ಸೊಸೆ ಕೇಳಿ ಬಂದು, "ಬಾಯಾರ ಫರಶಿ ಗಟ್ಟಿ ಐತಿ, ಇನ್ನ ಹತ್ತ ವರ್ಷ ಏನೂ ಆಗೂದಿಲ್ಲ ಅಂತಾರ್ರಿ" ಅನ್ನುವಳು. ಬಾಜೂಮನೆಗೆ ಬಂದಾಗ ಗೋಡೆಯ ಮೇಲಿಂದ ಕೈ ಮುಗಿಯುತ್ತಿದ್ದೆ. ಅವರೂ ಮುಗಿಯುತ್ತಿದ್ದರು. ಅದಕ್ಕಿಂತ ಹೆಚ್ಚಿನದನ್ನು ಕೇಳುವ ಬಾಯಿ ನನಗೆ ಉಳಿದಿರಲಿಲ್ಲ. ಎರಡು ವರ್ಷ ಹೀಗೇ ಕಳೆಯಿತು. ಅವರು ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಅನ್ನುವುದೊಂದು, ಸಂದಿಗೆ ಸೋಡಾ ತಿಕ್ಕುವಾಗೆಲ್ಲ, ತಲೆಗೆ ಬರುತ್ತಿತ್ತು.

ಹೋದ ತಿಂಗಳು ಸೊಸೆಯೇ ಫೋನ್ ಮಾಡಿದಳು. ಮಾಮಾ ತೀರಿಕೊಂಡಿದ್ದರು. ಸಂಜೆ ಚಹಾ ಕುಡಿದು ಮಲಗಿದವರು ಏಳಲಿಲ್ಲವಂತೆ.

ಖಾನಾಪುರಕ್ಕೆ ಹೋದೆ. ಚಪ್ಪಲಿಯನ್ನು ನಾನೂ ಗೇಟಿನ ಹೊರಗೇ ಬಿಟ್ಟೆ. ಮಾಮಾನ ಹೆಂಡತಿಯ ಹತ್ತಿರ ಸ್ವಲ್ಪ ಹೊತ್ತು ಕುಂತು ಏಳುವಾಗ ನೆಲದ ಕಡೆ ಕಣ್ಣು ಹೋಯಿತು. ನಡುಮನೆಯ ಬಾಗಿಲ ಹತ್ತಿರ ಒಂದು ಮಾಸಿದ ಬಿಳಿ ಟೈಲ್ಸ್. ನನ್ನದು! ಆಸಿಡ್ ತಿಂದ ಕಲೆಯಿಂದಲೇ ಗುರುತು ಸಿಕ್ಕಿತು. ಕಾಲಿಟ್ಟೆ. ಕಟಕ್ ಅಂದಿತು. ಅಷ್ಟು ಫರಶಿಯಲ್ಲಿ ಅದೊಂದೇ ಪೊಳ್ಳು. ಮಾಮಾನಂಥವರ ಮನೆಯಲ್ಲಿ ಪೊಳ್ಳು ಫರಶಿ, ಅದೂ ನನ್ನದು! ಇದು ಅವರು ನನಗೆ ಕೊಟ್ಟ ಉತ್ತರ ಅಂದುಕೊಂಡೆ.

ಸೊಸೆ ನನ್ನ ಮಾರಿ ನೋಡಿ ಗಾಬರಿಯಾದಳು. "ಹಂಗಲ್ಲರಿ ಬಾಯಾರ, ಅದನ್ನ ಬೇಕಂತನ ಹಂಗ ಕುಂದ್ರಿಸ್ಯಾರ. ನನಗ ಕಲಸಾಕ. ಎಲ್ಲಾ ಗಟ್ಟಿದ್ರ ಪೊಳ್ಳು ಹೆಂಗಿರತೈತಿ ಅಂತ ಅಂಗೈಗೆ ಹೆಂಗ ತಿಳೀತೈತಿ? ದಿನಾ ಮುಂಜಾನೆ ಬಾಯಾರ ಫರಶೀ ಮ್ಯಾಲ ಕೈ ಇಡು, ಅವರು ಕಲಸೂ ಮಂದಿ ಅಂತಿದ್ರು."

ಅಂದರೆ ಎರಡು ವರ್ಷದ ಹಿಂದೆ ಅವಳು ಹುಡುಕುತ್ತಿದ್ದದ್ದು ಓಲೆಯಲ್ಲ. ನಾನು ಅಲ್ಲೇ ಕುಂತು, ಆ ಟೈಲ್ಸಿನ ಬಾಜೂಕ ಅಂಗೈ ಊರಿದೆ. ಅವಳು ಮಾಮಾನ ಕರಣಿ ತಂದು ಹಿಡಿಕೆಯಿಂದ ಬಡಿದಳು. ಮೊದಲು ಗಟ್ಟಿಯದ್ದಕ್ಕೆ, ಆಮೇಲೆ ನನ್ನದಕ್ಕೆ. ಗಟ್ಟಿಯದ್ದು ಮಣಿಕಟ್ಟಿನತನಕ ಬಂತು, ಪೊಳ್ಳು ಬೆರಳಲ್ಲೇ ಸತ್ತುಹೋಯಿತು. ಖರೇ ಹೇಳ್ತೀನಿ, ಇಷ್ಟು ವರ್ಷ ಕಂಪನದ ಪಾಠ ಮಾಡಿದವಳಿಗೆ ಅದು ಅಂದು ತಿಳಿಯಿತು.

ಗೇಟಿನತನಕ ಅವಳು ಕಳಿಸಲು ಬಂದಳು. "ಬಾಯಾರ, ಮುಂದಿನ ವಾರದಿಂದ ನಾನ ಕೆಲಸಕ್ಕ ಬರತೀನ್ರಿ ಬೆಳಗಾಂವಕ್ಕ. ನೀ ಒಬ್ಬಾಕೀನ ಕೆಲಸಕ್ಕ ಹೊಂಟಾಗ ಮೊದಲ ಬಾಯಾರಿಗೆ ಹೇಳು ಅಂತ ಮಾವಾರು ಆಗೇ ಹೇಳಿಟ್ಟಿದ್ರು."

"ನನಗ್ಯಾಕವ್ವಾ?"

ಅವಳು ಸೆರಗಿನ ತುದಿ ಹಿಡಿದು ನಾಚಿಕೊಂಡಳು. "ಬ್ಯಾಸರಾ ಮಾಡ್ಕೋಬ್ಯಾಡ್ರಿ ಮತ್ತ. ಬಾಯಾರ ಕಿವ್ಯಾಗ ಹೇಳು, ಯಾರಿಗೂ ಹೇಳಬ್ಯಾಡ್ರಿ ಅನ್ನು. ನಾಕ ದಿನದಾಗ ಇಡೀ ಬೆಳಗಾಂವಿಗೆ ಗೊತ್ತಾಗತೈತಿ. ಹಂಗಂತ ಹೇಳಿ ನಕ್ಕಿದ್ರು."

ನಕ್ಕಿದ್ದರಂತೆ. ಆ ಗೇಟು ಹಿಡಿದುಕೊಂಡು ನಾನೂ ನಕ್ಕೆ, ನಗುತ್ತಾ ಅತ್ತೆ, ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು.

ಅದಕ್ಕೇ ನಿಮಗೂ ಹೇಳುತ್ತಿದ್ದೇನೆ. ಖಾನಾಪುರದಿಂದ ಮುಂಜಾನೆ ಗಾಡಿಗೆ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಡುತ್ತಾಳೆ. ಕಾಲ ಮ್ಯಾಲ ತಗೋರಿ ಅಂದರೆ ತಗೊಳ್ಳಿ.